ಅತ್ತೆಯವರ ಅರಿವಿ, ಮಶೀನಿನ ವಾಸನೆ

ನಮ್ಮ ಮನೆಯ ಬಟ್ಟೆ ಒಗೆಯುವ ಮಶೀನಿನಿಂದ ಮತ್ತೆ ವಾಸನೆ ಬರತೊಡಗಿದೆ.

ಎಂಥ ವಾಸನೆ ಎಂದು ಕೇಳಿದರೆ ಹೇಳುವುದು ಕಷ್ಟ. ತೊಯ್ದ ಛತ್ರಿಯನ್ನು ಮಡಚಿ ಬಾಗಿಲ ಹಿಂದೆ ನಿಲ್ಲಿಸಿ ಮರೆತುಬಿಟ್ಟಿರುತ್ತೀರಿ. ಮುಂದಿನ ಮಳೆಗೆ ಬಿಚ್ಚಿದಾಗ ಮೂಗಿಗೆ ಏನೋ ಬಡಿಯುತ್ತದಲ್ಲ, ಹೆಚ್ಚುಕಡಿಮೆ ಅದು. ಹೊಲಸು ವಾಸನೆ ಎನ್ನಲಾರೆ. ಯಾರೋ ಬಹಳ ಹೊತ್ತು ಕತ್ತಲಲ್ಲಿ ಕುಳಿತು ನಮ್ಮ ದಾರಿ ಕಾಯುತ್ತಿದ್ದರು ಅನ್ನಿಸುವಂಥ ವಾಸನೆ.

ಮಶೀನಿನೊಳಗೆ ಒಂದು ಸೀರೆ ಇದೆ. ನಮ್ಮ ಅತ್ತೆಯವರದು. ಶಹಾಪುರದ ಮಗ್ಗದಲ್ಲಿ ನೇಯ್ದ, ಸಣ್ಣ ಅಂಚಿನ, ಬೂದು ಬಣ್ಣದ ನೂಲಿನ ಸೀರೆ. ಅವರು ತೀರಿಕೊಂಡ ದಿನ ಬೆಳಿಗ್ಗೆ ನಾನೇ ಅದನ್ನು ನೀರಿಗೆ ಹಾಕಿದ್ದೆ. ಗುಂಡಿ ತಿರುವಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ನಮ್ಮ ಮನೆಯವರು ಕೂಗಿದರು. ಆಮೇಲೆ ಮಶೀನಿನ ಕಡೆ ಯಾರು ನೋಡುತ್ತಾರೆ? ಯಾರೋ ನೀರು ಬಸಿದು, ಮುಚ್ಚಳ ಮುಚ್ಚಿ, ನೆರೆಯವರು ತಂದುಕೊಟ್ಟ ಅನ್ನ ಸಾರಿನ ಪಾತ್ರೆಗಳನ್ನು ಅದರ ಮೇಲೆ ಪೇರಿಸಿದರು. ಸೂತಕ ಕಳೆದು, ಬಂದವರೆಲ್ಲ ಊರಿಗೆ ಹೋಗಿ, ಪಾತ್ರೆಗಳು ಅವರವರ ಮನೆ ಸೇರಿದ ಮೇಲೆ ನಾನು ಮುಚ್ಚಳ ಎತ್ತಿದೆ. ಸೀರೆಯ ಮಡಿಕೆಗಳಲ್ಲಿ ಬೂಸರಿನ ಸಣ್ಣ ಸಣ್ಣ ಕಪ್ಪು ಚುಕ್ಕೆ ಎದ್ದಿದ್ದವು. ಮತ್ತೆ ಮುಚ್ಚಿಬಿಟ್ಟೆ.

ಅದನ್ನು ಏನು ಮಾಡುವುದು ಎನ್ನುವುದೇ ಈಗ ನನ್ನ ಮುಂದಿರುವ ಪ್ರಶ್ನೆ. ಒಗೆಯಲು ಮನಸ್ಸಿಲ್ಲ. ಬಿಸಾಡಲು ಕೈ ಬರುವುದಿಲ್ಲ. ಹಾಗೇ ಬಿಟ್ಟರೆ ಮಗಳ ಸಾಲೆಯ ಅಂಗಿ, ನಮ್ಮ ಮನೆಯವರ ಪ್ಯಾಂಟು ಎಲ್ಲಿ ಒಗೆಯಲಿ? ಬಾಜೂ ಮನೆಯ ಕಮಲಕ್ಕ ಹಿತ್ತಲಿನ ಗೋಡೆಯ ಮೇಲಿಂದ ಮೂಗು ಹಿಡಿದುಕೊಂಡೇ ಉಪಾಯ ಹೇಳಿದರು.

"ಬ್ಲೀಚಿಂಗ್ ಪುಡಿ ಹಾಕಿ, ಕಾಯ್ದ ನೀರ ಸುರದು, ಒಂದ ಸುತ್ತ ತಿರುಗಿಸವಾ ಸುಮಾ. ಎಲ್ಲಾ ಹೋಗ್ತದ."

ಎಲ್ಲಾ ಹೋಗ್ತದ. ನನಗೆ ಹೆದರಿಕೆ ಇರುವುದೇ ಅದಕ್ಕೆ.

ಈ ವಾಸನೆಗೂ ನನಗೂ ಹಳೆಯ ಸಂಬಂಧ. ನಾನು ಖಾನಾಪುರದವಳು. ಬೆಳಗಾವಿಯವರು ತಮ್ಮ ಊರಿನ ಮಳೆಯ ಬಗ್ಗೆ ದೊಡ್ಡದಾಗಿ ಹೇಳಿಕೊಳ್ಳುತ್ತಾರೆ. ಖಾನಾಪುರದವರು ಹೇಳಿಕೊಳ್ಳುವುದಿಲ್ಲ, ಬಾಯಿ ತೆರೆದರೆ ಒಳಗೆ ನೀರು ಹೋಗುತ್ತದೆ. ಒಮ್ಮೆ ಹಿಡಿಯಿತೆಂದರೆ ಬಿಸಿಲು ಎನ್ನುವುದು ಪಂಚಾಂಗದಲ್ಲಿ ಮಾತ್ರ. ನಮ್ಮ ಅಪ್ಪ ಹಂಚಿನ ವ್ಯಾಪಾರಿ. ಊರಿನವರ ಮನೆಯೆಲ್ಲ ಸೋರದಂತೆ ಹಂಚು ಕೊಟ್ಟವರ ಮನೆಯಲ್ಲಿ ಅಡಿಗೆಮನೆ ಒಂದನ್ನು ಬಿಟ್ಟು ಎಲ್ಲಾ ಕಡೆ ಸೋರುತ್ತಿತ್ತು. ಒಲೆಯ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿ ಮನೆಮಂದಿಯ ಬಟ್ಟೆಯನ್ನೆಲ್ಲ ಅಲ್ಲೇ ಒಣಹಾಕುತ್ತಿದ್ದರು. ರೊಟ್ಟಿ ಬಡಿಯುವ ಅವ್ವನ ತಲೆಯ ಮೇಲೆ ಅಪ್ಪನ ಧೋತರ ತೂಗಾಡುತ್ತಿತ್ತು. ಅರ್ಧ ಒಣಗಿದ ಲಂಗ ತೊಟ್ಟು ಸಾಲೆಗೆ ಹೋದರೆ ಮುಂದಿನ ಭಾಗಕ್ಕೆ ಹೊಗೆಯ ವಾಸನೆ, ಹಿಂದಿನ ಭಾಗಕ್ಕೆ ಮುಗ್ಗಿದ ವಾಸನೆ. ಇಡೀ ವರ್ಗವೇ ಹಾಗಿದ್ದುದರಿಂದ ಯಾರೂ ಯಾರನ್ನು ನೋಡಿಯೂ ನಗುವಂತಿರಲಿಲ್ಲ. ಗುರುಗಳು ಮಾತ್ರ ಒಳಗೆ ಬಂದ ಕೂಡಲೇ ಮೊದಲು ಕಿಟಕಿ ತೆರೆಯುತ್ತಿದ್ದರು, ಆಮೇಲೆ ಪುಸ್ತಕ.

ಅತ್ತೆಯವರು ನನ್ನನ್ನು ನೋಡಲು ಬಂದದ್ದೂ ಅಂಥದೇ ಮಳೆಯಲ್ಲಿ, ಎಪ್ಪತ್ತರ ದಶಕದ ನಡುವೆ ಒಂದು ವರ್ಷ. ಅವ್ವ ಪೆಟ್ಟಿಗೆಯ ತಳದಿಂದ ತನ್ನ ಮದುವೆಯ ರೇಷ್ಮೆ ಸೀರೆ ತೆಗೆದು ನನಗೆ ಉಡಿಸಿದ್ದಳು. ನಾನು ತಲೆ ಬಗ್ಗಿಸಿ ಕುಳಿತೆ. ವರ ಎಂದು ಬಂದವರು ನನ್ನ ಕಡೆ ನೋಡದೆ ಸೋರುವ ಮಾಡಿನ ಕಡೆ ನೋಡುತ್ತಿದ್ದರು. ಅತ್ತೆಯವರು ಪಕ್ಕಕ್ಕೆ ಸರಿದು ಕುಳಿತು, ನನ್ನ ಸೆರಗಿನ ತುದಿ ಹಿಡಿದು, ಎರಡು ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದರು. ಅಪ್ಪನ ಮುಖದ ಬಣ್ಣ ಹೋಯಿತು.

"ಪೆಟಿಗಿ ಗ್ವಾಡಿಗೆ ಹಚ್ಚಿ ಇಟ್ಟೀರಿ ಹೌದಿಲ್ಲೋ?" ಎಂದು ಅವ್ವನನ್ನು ಕೇಳಿದರು. "ಒಂದ ಗೇಣ ಈಚೆ ಸರಸ್ರಿ. ಹಿಂದ ಗಾಳಿ ಆಡ್ಬೇಕು."

ಆಮೇಲೆ ನನ್ನ ಕಡೆ ತಿರುಗಿದರು. ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಕೇಳುತ್ತಾರೆಂದು ಉತ್ತರ ಗಟ್ಟಿ ಮಾಡಿಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಅರಿವಿ ಒಣಗಸಾಕ ಬರ್ತದೇನವಾ?"

ನಮ್ಮ ಕಡೆ ಬಟ್ಟೆಗೆ ಅರಿವಿ ಎನ್ನುತ್ತಾರೆ. ನಾನು ಇದ್ದದ್ದನ್ನೇ ಹೇಳಿದೆ. "ಖಾನಾಪುರದಾಗ ಯಾರಿಗೂ ಬರೂದಿಲ್ರಿ."

ಅವರು ನಕ್ಕರು. ಮುಂದಿನ ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು ಏರಿತ್ತು. ನಗುವಾಗ ಅದೇ ಮೊದಲು ಕಾಣುತ್ತಿತ್ತು. "ಖರೇ ಹೇಳತೈತಿ ಹುಡುಗಿ" ಎಂದರು. ನನ್ನ ಮದುವೆ ಹಾಗೆ ಮುಗ್ಗಿದ ಸೀರೆಯಲ್ಲಿ ನಿಶ್ಚಯವಾಯಿತು.

ಬೆಳಗಾವಿಯ ಖಾಸಬಾಗದಲ್ಲಿದ್ದ ಅವರ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯವರ ಮೂಗು ಎಂಥದು ಎಂದು ತಿಳಿಯಿತು. ನಾವು ಜೈನರು. ನಮ್ಮ ತವರಿನಲ್ಲೂ ಹೊತ್ತು ಮುಳುಗುವ ಮೊದಲು ಉಣ್ಣುವುದು, ನೀರು ಸೋಸಿ ಕುಡಿಯುವುದು ಎಲ್ಲ ಇತ್ತು. ಆದರೆ ಅಲ್ಲಿ ಅದು ರೂಢಿ. ಇಲ್ಲಿ ಅದು ಅತ್ತೆಯವರ ಉಸಿರು. ಮಳೆಗಾಲದಲ್ಲಿ ಬೀಸಿದ ಹಿಟ್ಟು ಮೂರು ದಿನಕ್ಕಿಂತ ಹಳೆಯದಾದರೆ ಅದರಲ್ಲಿ ಜೀವ ಹುಟ್ಟುತ್ತದೆ, ಉಣ್ಣಬಾರದು ಎಂಬ ನೇಮ. ಅವರಿಗೆ ದಿನ ಎಣಿಸುವ ಅಗತ್ಯವೇ ಇರಲಿಲ್ಲ. ಡಬ್ಬಿಯ ಮುಚ್ಚಳ ತೆರೆದು ಮೂಸಿದರೆ ಸಾಕು, "ಇದು ಆತು" ಎನ್ನುತ್ತಿದ್ದರು. ಗಿರಣಿಯವನು ನಮ್ಮ ಡಬ್ಬಿ ಕಂಡರೆ, "ಬರ್ರಿ ಬರ್ರಿ, ನಿಮ್ಮ ಅತ್ತಿ ಮೂಗು ಮತ್ತ ಕಳಿಸಿತೇನು?" ಎಂದು ಕೇಳುತ್ತಿದ್ದ.

ನಮ್ಮ ಮನೆಯವರ ಹೆಸರು ಧನ್ಯಕುಮಾರ. ಊರಾಚೆಯ ಮಚ್ಛೆಯ ಒಂದು ಸಣ್ಣ ಕಾರಖಾನೆಯಲ್ಲಿ ಲೇಥ್ ನಡೆಸುತ್ತಿದ್ದರು. ಸಂಜೆ ಕೆಲಸ ಬಿಟ್ಟು ಸೈಕಲ್ ತುಳಿದು ಸೂರ್ಯ ಮುಳುಗುವುದರೊಳಗೆ ಮನೆ ಸೇರಿ ಉಣ್ಣಬೇಕು. ಸೂರ್ಯ ಇಳಿಯುವ ದಿಕ್ಕಿನಿಂದಲೇ ಮಗನ ಸೈಕಲ್ಲೂ ಬರಬೇಕು. ಅತ್ತೆಯವರು ಕಟ್ಟೆಯ ಮೇಲೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಇಬ್ಬರನ್ನೂ ನೋಡುತ್ತಿದ್ದರು. "ನಮ್ಮವ್ವ ಸೂರ್ಯಾನ್ನ ಹಿಡಕೊಂಡ ನಿಂತಿರ್ತಾಳ, ನಾ ಬರೂತನಕಾ ಬಿಡಂಗಿಲ್ಲ" ಎಂದು ಇವರು ಕಾರಖಾನೆಯಲ್ಲಿ ಹೇಳಿ ನಗಿಸುತ್ತಿದ್ದರಂತೆ.

ಇನ್ನು ನೀರು. ಅದನ್ನು ಹೇಳದೆ ಮಶೀನಿನ ಕಥೆ ಹೇಳಲಾಗುವುದಿಲ್ಲ. ಖಾಸಬಾಗದ ಮನೆಯ ಹಿತ್ತಲಲ್ಲಿ ಬಾವಿ ಇತ್ತು. ಅತ್ತೆಯವರು ಕೊಡದ ಬಾಯಿಗೆ ದಪ್ಪ ಮಾದರಪಾಟದ ಅರಿವಿಯನ್ನು ಎರಡು ಪದರು ಮಾಡಿ ಕಟ್ಟಿ ನೀರು ಸೋಸುತ್ತಿದ್ದರು. ಸೋಸಿದ ಮೇಲೆ ಅರಿವಿಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸ್ವಲ್ಪ ಸೋಸಿದ ನೀರಿನಿಂದ ತೊಳೆದು, ಆ ನೀರನ್ನು ಕೊಡದಲ್ಲಿ ಹಿಡಿದು, ಸದ್ದಾಗದಂತೆ ಮತ್ತೆ ಬಾವಿಗೇ ಇಳಿಬಿಡುತ್ತಿದ್ದರು. ಎಲ್ಲಿಂದ ಬಂದವೋ ಅಲ್ಲಿಗೇ ಮುಟ್ಟಿಸಬೇಕು. ಆಮೇಲೆ ಅರಿವಿಯನ್ನು ಕೂಡಲೇ ಒಣಹಾಕಬೇಕು. ಅದು ಹಸಿಯಾಗಿ ಬಿದ್ದಿರಕೂಡದು. ಹಸಿ ಅರಿವಿಯಲ್ಲಿ ಹೊಸ ಜೀವ ಹುಟ್ಟಿದರೆ ಸೋಸಿದ್ದಕ್ಕೆ ಏನು ಅರ್ಥ? ಕುಡಿಯುವ ನೀರಷ್ಟೇ ಅಲ್ಲ, ಬಟ್ಟೆ ಒಗೆಯುವ ನೀರಿಗೂ ಇದೇ ನೇಮ.

ಹಿಂದವಾಡಿಯಲ್ಲಿ ಈಗಿರುವ ಮನೆಗೆ ಬಂದಾಗ ಇಲ್ಲಿ ಬಾವಿ ಇರಲಿಲ್ಲ. ನಳ ಇತ್ತು. ನಮ್ಮ ಮನೆಯವರು ತಾಯಿಗೆ ಸವಾಲು ಹಾಕಿದರು. "ಈಗ ಹೆಂಗ ಮಾಡ್ತಿ ಅವ್ವಾ? ನಳದಾಗ ವಾಪಸ್ ಬಿಡಾಕ ಬರೂದಿಲ್ಲ."

"ನಿನ್ನ ಬುದ್ಧಿಗೆ ಬರೂದಿಲ್ಲ" ಎಂದ ಅತ್ತೆಯವರು ಕಮಲಕ್ಕನವರ ಬಾವಿಯನ್ನು ಗೊತ್ತುಮಾಡಿಕೊಂಡರು. ದಿನಾ ಬೆಳಿಗ್ಗೆ ಒಂದು ಸಣ್ಣ ತಂಬಿಗೆ ಹಿಡಿದು ಅವರ ಹಿತ್ತಲಿಗೆ ಹೋಗುತ್ತಿದ್ದರು. ಕಮಲಕ್ಕ ಲಿಂಗಾಯತರು, ಮೊದಮೊದಲು ಇದೇನೋ ಮಾಟ ಎಂದುಕೊಂಡಿದ್ದರಂತೆ. ಆಮೇಲೆ ರೂಢಿಯಾಗಿ, "ಬಂದ್ರೇನ್ರಿ ಮಂದೀನ ಕರಕೊಂಡು?" ಎಂದು ಚೇಷ್ಟೆ ಮಾಡತೊಡಗಿದರು. ಅತ್ತೆಯವರಿಗೆ ಆ ಮಾತು ಹಿಡಿಸಿಬಿಟ್ಟಿತು. ತಂಬಿಗೆ ಎತ್ತಿ ತೋರಿಸಿ, "ಇವತ್ತ ಬಾಳ ಮಂದಿ ಅದಾರ" ಎನ್ನುತ್ತಿದ್ದರು.

ಮಶೀನು ಬಂದದ್ದು ಎಂಬತ್ತರ ದಶಕದ ಅರ್ಧ ಕಳೆದ ಮೇಲೆ. ನನಗೆ ಬೆನ್ನುನೋವು ಎಂದು ಇವರು ತಂದರು. ಎರಡು ಹೊಟ್ಟೆಯ ಮಶೀನು: ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಗರಗರ ತಿರುಗಿಸಿ ಹಿಂಡುವುದು. ಬಚ್ಚಲಿನ ನಳದಿಂದ ಮಶೀನಿನ ನೆತ್ತಿಗೆ ಒಂದು ರಬ್ಬರ್ ಪೈಪು. ಕಮಲಕ್ಕ ಬಂದು ಅದಕ್ಕೆ ಕುಂಕುಮ ಹಚ್ಚಿದರು. ನಾನು ಮುಟ್ಟಲು ಹೆದರಿ ದೂರ ನಿಂತಿದ್ದೆ. ಅತ್ತೆಯವರು ಅದರ ಮುಂದೆ ಮಣೆ ಹಾಕಿಕೊಂಡು ಕುಳಿತು, ಹೆಣ್ಣು ನೋಡಲು ಬಂದವರಂತೆ ಮೇಲಿಂದ ಕೆಳಗಿನ ತನಕ ನೋಡಿದರು.

"ಧನ್ಯಾ, ಇದರಾಗ ನೀರ ಸೋಸೂದು ಎಲ್ಲೆ?"

"ಅವ್ವಾ, ಇದು ಕುಡ್ಯಾಕಲ್ಲ. ಅರಿವಿ ಒಗ್ಯಾಕ."

"ಅಷ್ಟ ಜೋರ ತಿರಗತೈತಿ. ನೀರಾಗಿನ ಜೀವ ಏನ ಆಗಬೇಕು? ನಿನ್ನ ಒಳಗ ಹಾಕಿ ತಿರಗಸಲೇನು?"

ಮರುದಿನ ಅವರು ನಳಕ್ಕೆ ಎರಡು ಪದರಿನ ಅರಿವಿ ಕಟ್ಟಿ, ಅದರ ಮೇಲೆ ಪೈಪು ಸಿಕ್ಕಿಸಿದರು. ಇವರು ನಳ ತಿರುವಿದರು. ಅರಿವಿ ಉಬ್ಬಿತು, ಪೈಪು ಹಾರಿತು, ಕಾರಖಾನೆಗೆ ಹೊರಟಿದ್ದ ಇವರ ಇಸ್ತ್ರಿಯ ಅಂಗಿ ಮೈಗೆ ಅಂಟಿಕೊಂಡಿತು. ಮಗಳು ಚಪ್ಪಾಳೆ ತಟ್ಟಿದಳು.

"ಇನ್ನ ಅರಿವಿ ಕಟ್ಟಬ್ಯಾಡ ಅವ್ವಾ, ಕೈ ಮುಗೀತೀನಿ" ಎಂದರು ಇವರು.

"ಆತು ಬಿಡು" ಎಂದರು ಅತ್ತೆಯವರು. ಅಷ್ಟು ಸುಲಭವಾಗಿ ಅವರು ಯಾವುದನ್ನೂ ಬಿಟ್ಟವರಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬೇಸಿಗೆ ಚೆನ್ನಾಗಿ ಕಳೆಯಿತು. ಅತ್ತೆಯವರು ತಮ್ಮ ಸೀರೆಯನ್ನೂ ಮಶೀನಿಗೆ ಹಾಕಲು ಕೊಟ್ಟಾಗ, ಮನಸ್ಸು ಒಗ್ಗಿತು ಎಂದುಕೊಂಡೆವು. ಮಳೆ ಹಿಡಿಯಿತು. ವಾಸನೆ ಶುರುವಾಯಿತು.

ಮೊದಲು ಟಾವೆಲ್ಲು, ಆಮೇಲೆ ಹಾಸಿಗೆಯ ಹೊದಿಕೆ. ನಂತರ ಮಗಳು ಸಾಲೆಯಿಂದ ಅಳುತ್ತ ಬಂದಳು. ಬೆಂಚಿನ ಗೆಳತಿ ಸರಿದು ಕುಳಿತಳಂತೆ. ಮಚ್ಛೆಯಲ್ಲಿ ಇವರ ಜೊತೆಯವರು, "ಧನ್ಯಣ್ಣಾ, ಮೈಮ್ಯಾಲ ಅಣಬಿ ಬೆಳಸೀಯೇನು?" ಎಂದರಂತೆ. ಲೇಥ್ ಮಶೀನಿನ ಮುಂದೆ ಹತ್ತಾರು ವರ್ಷ ಕಳೆದವರಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ರಜೆಯ ದಿನ ಮಶೀನಿನ ಹಿಂಬದಿ ಬಿಚ್ಚಿ, ತಿರುಪುಗಳನ್ನು ತಟ್ಟೆಯಲ್ಲಿ ಹರಡಿ, ಟಾರ್ಚು ಬಿಟ್ಟು ಹುಡುಕಿದರು. ಏನೂ ಸಿಗಲಿಲ್ಲ. ಜೋಡಿಸಿದ ಮೇಲೆ ಎರಡು ತಿರುಪು ಉಳಿದವು. ಅವನ್ನು ಸದ್ದಿಲ್ಲದೆ ಕಿಸೆಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಆಮೇಲೆ ಮನೆಮದ್ದು. ಲಿಂಬೆ ಸಿಪ್ಪೆ ಹಾಕಿ ತಿರುಗಿಸಿದೆವು. ಸೋಡಾ ಹಾಕಿದೆವು. ಕಮಲಕ್ಕ ಕರ್ಪೂರ ಎಂದರು. ಅಂದು ನಮ್ಮ ಬಟ್ಟೆಗಳು ಗುಡಿಯೊಳಗೆ ಮುಗ್ಗಿದ ಹಾಗೆ ನಾರಿದವು. ಹಳೆಯ ಅಭ್ಯಾಸಬಲದಿಂದ ನಾನು ಒಲೆಯ ಮೇಲೆ ಹಗ್ಗ ಕಟ್ಟಲು ಹೋದೆ. ಹಿಂದವಾಡಿಯಲ್ಲಿ ಗ್ಯಾಸಿನ ಒಲೆ; ಹೊಗೆ ಎಲ್ಲಿಂದ ಬರಬೇಕು?

ಕಡೆಗೆ ಒಂದು ಸಂಜೆ ಇವರು ಬ್ಲೀಚಿಂಗ್ ಪುಡಿಯ ಪೊಟ್ಟಣ ತಂದರು. ಅತ್ತೆಯವರು ಬಚ್ಚಲ ಬಾಗಿಲಿಗೆ ಅಡ್ಡ ನಿಂತರು.

"ಏನ ಅದು?"

"ಬೂಸರ ಕೊಲ್ಲೂ ಪುಡಿ."

"ಬೂಸರದಾಗ ಜೀವ ಅದಾವಪಾ. ಒಂದ ಎರಡ ಅಲ್ಲ, ಲೆಕ್ಕ ಇಲ್ಲದಷ್ಟು. ಕೊಲ್ತೀನಿ ಅಂತ ಬಾಯಿ ಬಿಟ್ಟ ಹೇಳ್ತಿ ಅಲ್ಲ?"

"ಹಂಗಾದ್ರ ಸಾಕೂಣು. ದಿನಾ ಎರಡ ಹೊತ್ತ ಊಟಾ ಹಾಕು ಅವಕ್ಕ."

ನಾನು ಹತ್ತನೇ ಇಯತ್ತೆಯವರೆಗೆ ಓದಿದವಳು. ವಿಜ್ಞಾನದಲ್ಲಿ ಕಷ್ಟಪಟ್ಟು ಪಾಸಾದವಳು. ಆದರೂ ಆ ಒಂದು ಪಾಠ ನೆನಪಿತ್ತು. "ಬೂಸರಕ್ಕ ಜೀವ ಐತಿ ಅಂತ ನಮಗ ಸಾಲ್ಯಾಗೂ ಕಲಿಸ್ಯಾರ್ರಿ" ಎಂದೆ.

ಇವರು ನನ್ನನ್ನು ದುರುಗುಟ್ಟಿ ನೋಡಿದರು. "ನೀ ಯಾರ ಕಡೆ?"

"ಹುಟ್ಟಲಾರದಂಗ ನೋಡ್ಕೋಬೇಕು ಧನ್ಯಾ" ಎಂದರು ಅತ್ತೆಯವರು, ದನಿ ಇಳಿಸಿ. "ಹುಟ್ಟಿಸಿ ಕೊಂದ್ರ ಅದ್ಯಾತರ ಶಾಣ್ಯಾತನ?"

ಪುಡಿಯ ಪೊಟ್ಟಣ ಮಾಡಿನ ಸಂದಿ ಸೇರಿತು. ವಾಸನೆ ಇದ್ದಲ್ಲೇ ಇತ್ತು.

ಒಂದು ಮಧ್ಯಾಹ್ನ ನಾನು ಮಲಗಿ ಎದ್ದು ನೀರು ಕುಡಿಯಲು ಹೋದಾಗ ಬಚ್ಚಲಲ್ಲಿ ಏನೋ ಸದ್ದು. ಇಣುಕಿದೆ. ಅತ್ತೆಯವರು ಮಶೀನಿನ ನೆತ್ತಿಯ ಪೈಪನ್ನು ಎರಡೂ ಕೈಯಿಂದ ಜಗ್ಗುತ್ತಿದ್ದರು. ಪೈಪು ಕಿತ್ತು ಬಂತು. ಅದು ಕೂಡುವ ಜಾಗದಿಂದ ಬೆರಳು ಹಾಕಿ ಏನನ್ನೋ ಎಳೆದರು. ಎರಡು ಪದರಿನ ಅರಿವಿ. ಬಿಳಿಯಾಗಿದ್ದ ಮಾದರಪಾಟ ಈಗ ಕಪ್ಪು, ಹಸಿರು, ನಡುವೆ ಒಂದಿಷ್ಟು ಗುಲಾಬಿ. ಇಡೀ ಬಚ್ಚಲು ನಾರಿತು.

ನಳದ ಕಡೆ ಕಟ್ಟಿದರೆ ಮಗ ನೋಡುತ್ತಾನೆ ಎಂದು ಅವರು ಮಶೀನಿನ ಕಡೆಯ ತುದಿಯಲ್ಲಿ, ಕಣ್ಣಿಗೆ ಬೀಳದ ಹಾಗೆ ಒಳಗೆ ತುರುಕಿದ್ದರು. ಮೊದಮೊದಲು ಪ್ರತಿಸಲ ತೆಗೆದು ಒಣಗಿಸುತ್ತಿದ್ದರಂತೆ. ಪೈಪು ಬಿಗಿ, ಬೆರಳ ಗಂಟುಗಳಲ್ಲಿ ನೋವು. ನಾಳೆ ತೆಗೆದರಾಯಿತು ಎಂದು ಬಿಟ್ಟರು. ಇಡೀ ಮಳೆಗಾಲ ಅದು ಅಲ್ಲೇ ಹಸಿಯಾಗಿ ಕುಳಿತಿತ್ತು.

ಅವರು ಅರಿವಿಯನ್ನು ಅಂಗೈಯಲ್ಲಿ ಹಿಡಿದು ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಜೀವ ಉಳಿಸಲೆಂದು ಹುಟ್ಟಿದಾಗಿನಿಂದ ನೀರು ಸೋಸಿದ ಕೈ ಅದು. ನನ್ನನ್ನು ನೋಡಿದರು. ಅಷ್ಟು ಸಣ್ಣ ಮುಖ ಮಾಡಿಕೊಂಡದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

"ನಾನ ಹುಟ್ಟಿಸಿಬಿಟ್ಟೆನಲ್ಲ ಸುಮಾ ಇವನ್ನ."

"ಇರ್ಲಿ ತಗೀರಿ ಅತ್ತಿ. ಬಿಸಲಿಗೆ ಹಾಕೂಣು..."

"ಬಿಸಲಿಗೆ ಹಾಕಿದ್ರ ಸಾಯ್ತಾವ."

ಖರೇ. ಒಗೆದರೆ ಸಾಯುತ್ತವೆ, ಒಣಗಿಸಿದರೆ ಸಾಯುತ್ತವೆ, ಸುಟ್ಟರಂತೂ ಕೇಳುವುದೇ ಬೇಡ. ನೀವು ನಗಬಹುದು. ಆಮೇಲೆ ನೆನೆದು ನಾನೂ ನಕ್ಕಿದ್ದೆ. ಆದರೆ ಅಂದು ಬಚ್ಚಲಲ್ಲಿ ಅತ್ತೆ ಸೊಸೆ ಇಬ್ಬರೂ ಒಂದು ಚಿಂದಿಯ ಎದುರು ಕುಳಿತು, ಮನೆಗೆ ಬಂದ ಬೀಗರನ್ನು ಎಲ್ಲಿ ಮಲಗಿಸುವುದು ಎಂದು ಚಿಂತೆ ಮಾಡುವವರ ಹಾಗೆ ಚಿಂತೆ ಮಾಡಿದೆವು. ಕಡೆಗೆ ಅವರೇ ಎದ್ದರು. ಹಿತ್ತಲಿನ ಮೂಲೆಯಲ್ಲಿ ದಾಸವಾಳದ ಗಿಡ. ಅದರ ಬುಡದಲ್ಲಿ ಯಾವಾಗಲೂ ತಂಪು, ನೆರಳು. ಅರಿವಿಯನ್ನು ಅಲ್ಲಿ ಹರಡಿ, ಮೇಲೆ ಒಂದೆರಡು ಎಲೆ ಮುಚ್ಚಿ ಬಂದರು.

"ಅಲ್ಲೆ ಇರ್ತಾವ ಬಿಡು, ಇರೂ ಅಷ್ಟ ದಿನ."

ಸಂಜೆ ಇವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ಕೂಗಿದರು. "ಇಲ್ಲೇನೋ ಚಿಂದಿ ಬಿದ್ದೈತಿ, ಒಗೀಲೇನು?"

ಅತ್ತೆಯವರು ಅಡಿಗೆಮನೆಯಿಂದಲೇ ಹೇಳಿದರು. "ಇರ್ಲಿ ಬಿಡಪಾ. ಅಲ್ಲೆ ಮಂದಿ ಅದಾರ."

ನಾನು ರೊಟ್ಟಿಯ ಹಿಟ್ಟಿನಲ್ಲಿ ಮುಖ ಮುಚ್ಚಿಕೊಳ್ಳುವುದು ಬಾಕಿ. ಇವರು ತಾಯಿಗೆ ವಯಸ್ಸಾಯಿತು ಎನ್ನುವಂತೆ ತಲೆಯಾಡಿಸಿ ಒಳಗೆ ಬಂದರು.

ವಾಸನೆ ಹೋಯಿತು. ಆ ವಾರ ಇವರು ಮತ್ತೆ ಲಿಂಬೆ ಸಿಪ್ಪೆ ಹಾಕಿದ್ದರು. ಅದರಿಂದಲೇ ಹೋಯಿತು ಎಂದು ನಂಬಿದರು. ಮಚ್ಛೆಯ ಕಾರಖಾನೆಯಲ್ಲೆಲ್ಲ ಲಿಂಬೆ ಸಿಪ್ಪೆಯ ಮಹಿಮೆ ಹಬ್ಬಿತು. ಇವರ ಮಾತು ಕೇಳಿ ಸಿಪ್ಪೆ ಕೂಡಿಡುವವರೂ ಹುಟ್ಟಿಕೊಂಡರು. ನಾವಿಬ್ಬರು ಹೆಂಗಸರು ತುಟಿ ಬಿಚ್ಚಲಿಲ್ಲ.

ಅತ್ತೆಯವರು ಬೆಲ್ಲ ಬಿಟ್ಟರು. ಚಾತುರ್ಮಾಸ ಮುಗಿದು ದೀಪಾವಳಿ ಬರುವವರೆಗೆ ಬೆಲ್ಲ ಮುಟ್ಟುವುದಿಲ್ಲ ಎಂದು ಬಸದಿಯಲ್ಲಿ ನೇಮ ಹಿಡಿದರು. ನಮ್ಮಲ್ಲಿ ಹಾಗೆ ಇಷ್ಟದ ರುಚಿಯೊಂದನ್ನು ಬಿಡುವುದುಂಟು. ಆದ್ದರಿಂದ ಯಾರೂ ಯಾಕೆ ಎಂದು ಕೇಳಲಿಲ್ಲ. ಬೆಲ್ಲವೆಂದರೆ ಅವರಿಗೆ ಪ್ರಾಣ. ಚಪಾತಿಗೆ ತುಪ್ಪ ಬೆಲ್ಲ, ಶೇಂಗಾಕ್ಕೆ ಬೆಲ್ಲ, ಏನೂ ಇಲ್ಲದಿದ್ದರೆ ಬರೀ ಬೆಲ್ಲ. ಅವರೆದುರು ತಿನ್ನಲಾಗದೆ ನಾನೂ ಬಿಟ್ಟೆ. ಅವರಿಗೆ ಗೊತ್ತಾಯಿತು.

"ನೀ ಯಾಕ ಬಿಟ್ಟಿ? ನಿಂದೇನ ತಪ್ಪೈತಿ?"

"ಮಂದೀನ ಎಲ್ಲಿ ಇಟ್ಟೀವಿ ಅಂತ ಗೊತ್ತಿದ್ದಾಕಿ ನಾನೂ ಅದೀನ್ರಿ ಅತ್ತಿ."

ಅವರು ನಕ್ಕರು. ಏರಿದ ಹಲ್ಲು ಕಂಡಿತು. ದೀಪಾವಳಿಯ ಬೆಳಿಗ್ಗೆ ಒಂದು ಬೆಲ್ಲದ ಹೆಂಟೆ ಒಡೆದು ಮೊದಲ ಚೂರನ್ನು ನನ್ನ ಬಾಯಿಗೆ ಹಾಕಿದರು.

ಅಲ್ಲಿಂದ ಮುಂದೆ ಮಶೀನಿನ ಜವಾಬ್ದಾರಿ ಅವರದೇ ಆಯಿತು. ನೀರನ್ನು ಬಕೀಟಿನಲ್ಲಿ ಸೋಸಿ, ಅರಿವಿ ಒಣಹಾಕಿ, ಆಮೇಲೆ ಮಶೀನಿಗೆ ಸುರಿಯುವುದು. ಹೊರುವವಳು ನಾನು. ಹೀಗೆ, ನನ್ನ ಬೆನ್ನುನೋವಿಗೆಂದು ಬಂದ ಮಶೀನಿನಿಂದ ನಾನು ಮೊದಲಿಗಿಂತ ಹೆಚ್ಚು ಬಕೀಟು ಎತ್ತಿದೆ. ಒಗೆಯುವುದು ಮುಗಿದ ಮೇಲೆ ಅತ್ತೆಯವರು ಹಳೆಯ ಸೀರೆಯ ತುಂಡಿನಿಂದ ಮಶೀನಿನ ಎರಡೂ ಹೊಟ್ಟೆಯನ್ನು, ಮುಚ್ಚಳದ ಅಂಚನ್ನು, ಮೂಲೆ ಮೂಲೆಯನ್ನು ಒರೆಸುತ್ತಿದ್ದರು. ಮಗುವಿಗೆ ಎರೆದು ಕಿವಿಯ ಹಿಂದೆ ಒರೆಸುತ್ತಾರಲ್ಲ, ಹಾಗೆ. ಆಮೇಲೆ ಮುರಿದ ಲಟ್ಟಣಿಗೆಯ ತುಂಡನ್ನು ಮುಚ್ಚಳಕ್ಕೆ ಆನಿಸಿ ತೆರೆದಿಡುತ್ತಿದ್ದರು. ಯಾರಾದರೂ ಮುಚ್ಚಿದರೆ ಅವರಿಗೆ ಪಡಸಾಲೆಯಲ್ಲಿ ಕುಳಿತೇ ಗೊತ್ತಾಗುತ್ತಿತ್ತು.

"ಯಾರವಾ ಅದರ ಬಾಯಿ ಮುಚ್ಚಿದವ್ರು? ಅದಕ್ಕ ಉಸರ ಬ್ಯಾಡೇನು?"

ಮುಂದಿನ ಮಳೆಗಾಲಗಳಲ್ಲಿ ವಾಸನೆ ಬರಲಿಲ್ಲ. ಲಿಂಬೆಯ ಹೆಸರು ದೊಡ್ಡದಾಯಿತು.

ಈ ವರ್ಷ ಮಳೆ ಹಿಡಿದ ಮೇಲೆ ಅತ್ತೆಯವರು ಮಲಗಿದವರು ಏಳಲಿಲ್ಲ. ದೊಡ್ಡ ರೋಗವೇನಲ್ಲ, ಎಣ್ಣೆ ತೀರಿದ ಹಾಗೆ. ಕಡೆಯ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು. ಒಮ್ಮೆ ಹಾಸಿಗೆ ಬದಲಿಸುವಾಗ ಹೊದಿಕೆಯ ತುದಿ ಹಿಡಿದು ಮೂಗಿನ ಹತ್ತಿರ ಒಯ್ದರು. "ಚಲೋ ಒಣಗಿಸೀದಿ" ಎಂದರು. ಖಾನಾಪುರದಿಂದ ಬಂದು ಇಷ್ಟು ವರ್ಷಕ್ಕೆ ನಾನು ಪಾಸಾದೆ.

ಅವರು ಹೋದ ಮೇಲೆ ನಮ್ಮ ಮನೆಯವರು ಹಿತ್ತಲಿನ ನಳದಲ್ಲೇ ಸ್ನಾನ ಮಾಡುತ್ತಾರೆ. ಬಚ್ಚಲ ಕಡೆ ಬರುವುದಿಲ್ಲ. ಹೊತ್ತು ಮುಳುಗುವ ಮೊದಲೇ ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಸೂರ್ಯನನ್ನು ಹಿಡಿದುಕೊಂಡು ನಿಂತವರು ಯಾರೂ ಇಲ್ಲ, ಆದರೂ ಏದುಸಿರು ಬಿಡುತ್ತ ಬರುತ್ತಾರೆ. ಉಣ್ಣುತ್ತಾರೆ, ಏಳುತ್ತಾರೆ. ನಾವು ಅತ್ತೆಯವರ ಬಗ್ಗೆ ಮಾತಾಡಿರಲಿಲ್ಲ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ನಿನ್ನೆ ಸಂಜೆ ಇವರು ಬಚ್ಚಲ ಬಾಗಿಲಲ್ಲಿ ಬಂದು ನಿಂತರು. ಮಾಡಿನ ಸಂದಿಯಲ್ಲಿದ್ದ ಹಳೆಯ ಪುಡಿಯ ಪೊಟ್ಟಣ ಕೈಯಲ್ಲಿತ್ತು. ಸೀಲು ಸಹ ಒಡೆದಿರಲಿಲ್ಲ.

"ಕಮಲಕ್ಕ ಹೇಳಿದ್ರು. ವಾಸನಿ ಬಾಜೂ ಮನಿಗೂ ಬರಾಕತ್ತೈತಂತ" ಎಂದರು. ಪೊಟ್ಟಣವನ್ನು ತಿರುಗಿಸಿ ನೋಡಿ, "ಲಿಂಬಿ ಸಿಪ್ಪಿ ಹಾಕಿ ನೋಡಿದೇನು?" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯವರು ಹೋದ ಮೇಲೆ ಮೊದಲ ಸಲ. ಇವರು ಗಾಬರಿಯಾಗಿ ನೋಡಿದರು. ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕುಳ್ಳಿರಿಸಿ ಎಲ್ಲಾ ಹೇಳಿದೆ. ಪೈಪಿನೊಳಗಿನ ಅರಿವಿ, ದಾಸವಾಳದ ಬುಡ, ಬೆಲ್ಲ, ಎಲ್ಲ. ಇವರು ಕೇಳುತ್ತ ಕೇಳುತ್ತ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಿದ್ದರು.

"ಅಂದ್ರ ಲಿಂಬಿಯಿಂದ ಹೋಗಿದ್ದಲ್ಲ?"

"ಅಲ್ರಿ."

"ಆಮ್ಯಾಲೂ?"

"ಆಮ್ಯಾಲ ದಿನಾ ಒರಸ್ತಿದ್ರು. ಹುಟ್ಟಲಾರದಂಗ."

ಇವರು ಜೋರಾಗಿ ನಕ್ಕರು. "ನಾ ಇಡೀ ಮಚ್ಛೆಗೆ ಹೇಳೀನಲ್ಲೇ!" ಎಂದರು. ನಗುತ್ತಲೇ ಇದ್ದರು, ಆಮೇಲೆ ಅದು ನಗು ಆಗಿ ಉಳಿಯಲಿಲ್ಲ. ಮಶೀನಿಗೆ ಹಣೆ ಆನಿಸಿ ಅತ್ತರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟು ನಿಂತೆ. ಹೊರಗೆ ಜಿಟಿಜಿಟಿ ಮಳೆ.

ಮುಖ ಒರೆಸಿಕೊಂಡು ಅವರೇ ಮುಚ್ಚಳ ಎತ್ತಿದರು. ಸೀರೆಯನ್ನು ಎರಡೂ ಕೈಯಿಂದ ಹೊರಗೆ ತೆಗೆದರು. ಚುಕ್ಕೆಗಳು ಹೆಚ್ಚಿದ್ದವು, ಸಣ್ಣ ಅಂಚಿನ ಉದ್ದಕ್ಕೂ ಹಸಿರು ಹತ್ತಿತ್ತು. ಅದನ್ನು ಮೂಗಿಗೆ ಹಿಡಿದರು, ಅವರ ತಾಯಿ ಹಿಡಿಯುತ್ತಿದ್ದ ಹಾಗೆಯೇ. ನನಗೂ ಕೊಟ್ಟರು. ಅದರಲ್ಲಿ ಅತ್ತೆಯವರ ವಾಸನೆ ಇರಲಿಲ್ಲ. ನಾನು ಇಷ್ಟು ದಿನ ಮುಚ್ಚಿಟ್ಟು ಕಾಪಾಡಿದ್ದು ಅವರನ್ನಲ್ಲ. ಅವರ ಸೀರೆಯಲ್ಲಿ ಈಗ ಬೇರೆಯವರು ಮನೆ ಮಾಡಿದ್ದರು.

ಸೀರೆ ಹಿಡಿದು ಇಬ್ಬರೂ ಹಿತ್ತಲಿಗೆ ಹೋದೆವು. ಹಳೆಯ ಅರಿವಿ ಯಾವಾಗಲೋ ಮಣ್ಣಾಗಿಹೋಗಿದೆ; ಆ ಮೂಲೆಯ ದಾಸವಾಳ ಮಾತ್ರ ಗೋಡೆ ದಾಟಿ ಕಮಲಕ್ಕನವರ ಕಡೆಗೂ ಹೂ ಬಿಡುತ್ತದೆ. ಗಿಡದ ಬುಡದಲ್ಲಿ ಸೀರೆಯನ್ನು ಮಡಿಕೆ ಬಿಚ್ಚದೆ ಇಟ್ಟೆವು. ಇವರು ಬಗ್ಗಿ ಅದರ ಮೇಲೆ ಎಲೆ ಮುಚ್ಚಿದರು. ನಾನು ಒಳಗೆ ಬಂದು ಹಳೆಯ ಬಟ್ಟೆ ಹಿಡಿದು ಮಶೀನನ್ನು ಒರೆಸಿದೆ. ಮೂಲೆ ಮೂಲೆ. ಕಿವಿಯ ಹಿಂದೆ. ಲಟ್ಟಣಿಗೆಯ ತುಂಡು ಇದ್ದಲ್ಲೇ ಇತ್ತು. ಮುಚ್ಚಳಕ್ಕೆ ಆನಿಸಿ ಇಟ್ಟೆ.

ಇವತ್ತು ಬೆಳಿಗ್ಗೆ ಇವರು ಸೈಕಲ್ ಹೊರಗೆ ತೆಗೆಯುವಾಗ ಕಮಲಕ್ಕ ಗೋಡೆಯ ಮೇಲಿಂದ ಇಣುಕಿದರು.

"ಧನ್ಯಾ, ನಿಮ್ಮ ಗಿಡದ ಬುಡಕ ಯಾವದೋ ಸೀರಿ ಬಿದ್ದೈತಲ್ಲೋ. ತಗೀಬಾರದೇನು?"

ಇವರು ಪೆಡಲಿನ ಮೇಲೆ ಕಾಲಿಟ್ಟವರು ನಿಂತರು.

"ಇರ್ಲಿ ಬಿಡ್ರಿ ಅಕ್ಕಾ" ಎಂದರು. "ಅಲ್ಲೆ ಮಂದಿ ಅದಾರ."